ಕೇಳಿ ತಂದ ಗುಲಾಬಿ ಕಡ್ಡಿ

ಬೆಳಗಾವಿಯ ಮಹಾಂತೇಶ ನಗರದಲ್ಲಿ ಮಗಳ ಮನೆ. ಹೋದಾಗೆಲ್ಲ ಬೆಳಿಗ್ಗೆ ಓಣಿ ಸುತ್ತುವುದು ನನ್ನ ರೂಢಿ. ಗುಲಾಬಿ ಕಂಡರೆ ನಿಂತು ಕೇಳುತ್ತೇನೆ, "ಅಕ್ಕಾರ, ಒಂದೆರಡು ಕಡ್ಡಿ ಒಯ್ಲೇನ್ರಿ?" ಬ್ಯಾಡ ಅಂದವರು ಕಡಿಮೆ. "ಒಯ್ರಿ, ಮೊಗ್ಗ ಇದ್ದದ್ದು ಮುಟ್ಟಬ್ಯಾಡ್ರಿ" ಅನ್ನುತ್ತಾರೆ. ಹೂ ಉದುರಿದ ಟೊಂಗೆ ಕತ್ತರಿಸಿದರೆ ಅವರ ಗಿಡವೂ ಹೊಸದಾಗಿ ಚಿಗಿಯುತ್ತದೆ.

ಮೊದಲ ಸಲ ಬೇಸಿಗೆಯಲ್ಲಿ ತಂದು ಎರಿ ಮಣ್ಣಿನಲ್ಲೇ ಹಚ್ಚಿದೆ, ಎಲ್ಲ ಒಣಗಿದವು. ಎರಡನೇ ಸಲದ್ದು ದೊಡ್ಡ ಪೆಟ್ಟು. ಕೆಂಪು ಹೂವಿನ ಗಿಡದ ಬುಡದಿಂದ ಎದ್ದ ಉದ್ದನೆ ಟೊಂಗೆ ಕೊಯ್ದು ತಂದೆ. ಎಂಟು ಕಡ್ಡಿ ಬೇರು ಬಿಟ್ಟವು. ನಮ್ಮದು ಮಳೆ ನಂಬಿದ ಹೊಲ, ಕುಡಿಯುವ ನೀರೇ ಹೊತ್ತು ತರಬೇಕು. ಬಚ್ಚಲ ನೀರು ಹಾಕಿ ಎರಡು ವರ್ಷ ಸಾಕಿದೆವು. ಕೆಂಪು ಹೂ ಬರಲೇ ಇಲ್ಲ. ಅದು ಕಣ್ಣು ಕಸಿ ಮಾಡಿದ ಗಿಡ, ನಾನು ತಂದದ್ದು ಕೆಳಗಿನ ಕಾಡು ಗುಲಾಬಿ. ಎಲೆದಂಟಿಗೆ ಏಳು, ಒಂಬತ್ತು ಸಣ್ಣ ಎಲೆ ಇದ್ದರೆ ಸಂಶಯಪಡಿ. ಎಣಿಕೆಯೊಂದನ್ನೇ ನಂಬಬೇಡಿ, ಕಣ್ಣಾರೆ ಹೂ ಕಂಡ ಟೊಂಗೆಯನ್ನೇ ಕೊಯ್ಯಿರಿ.

ಈಗ ಆರಿದ್ರಾ ಮಳೆ ಹಿಡಿದ ಮೇಲೆ ತರುತ್ತೇನೆ. ಪೆನ್ಸಿಲ್ ದಪ್ಪ, 6ರಿಂದ 8 ಇಂಚು ಉದ್ದ, ಮೂರು ನಾಲ್ಕು ಕಣ್ಣು. ಕೆಳಗೆ ಕಣ್ಣಿನ ಬುಡದಲ್ಲಿ ಓರೆ, ಮೇಲೆ ನೆಟ್ಟಗೆ ಕತ್ತರಿಸಿದರೆ ತಲೆಕೆಳಗಾಗಿ ಹಚ್ಚುವ ಭಯವಿಲ್ಲ. ಒಂದು ಮನೆಯ ರೋಗ ಇನ್ನೊಂದಕ್ಕೆ ಹೋಗಬಾರದೆಂದು ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತೇನೆ. ಹಸಿ ಬಟ್ಟೆಯಲ್ಲಿ ಸುತ್ತಿ ತಂದು, ಎಲೆ ತೆಗೆದು, ಮೇಲಿನ ಗಾಯಕ್ಕೆ ಸೆಗಣಿ ಮೆತ್ತುತ್ತೇನೆ. ಚೀಲಕ್ಕೆ ಮಸಾರಿ ಮಣ್ಣು, ಉಸುಕು, ಸ್ವಲ್ಪವೇ ಹಳೆ ತಿಪ್ಪೆಗೊಬ್ಬರ. ಗೊಬ್ಬರ ಹೆಚ್ಚಾದರೆ ಕಡ್ಡಿ ಕೊಳೆಯುತ್ತದೆ. ಎರಡು ಕಣ್ಣು ಮಣ್ಣಿನೊಳಗಿರಲಿ, ಚೀಲ ನೆರಳಿನಲ್ಲಿರಲಿ.

ನಮ್ಮವರು ಕೆಡುವುದು ಇಲ್ಲಿ: ಎರಡು ಮೂರು ವಾರಕ್ಕೆ ಚಿಗುರು ಬಂತೆಂದು ಹೊಲಕ್ಕೆ ಒಯ್ಯುತ್ತಾರೆ. ಆ ಚಿಗುರು ಕಡ್ಡಿಯೊಳಗಿನ ಸತ್ವದಿಂದ ಬಂದದ್ದು, ಬೇರು ಇನ್ನೂ ಇರುವುದಿಲ್ಲ. ಎರಡು ತಿಂಗಳು ತಡೆಯಿರಿ, ಚೀಲದ ತೂತಿನಲ್ಲಿ ಬಿಳಿ ಬೇರು ಕಾಣಲಿ. ಗಾವಟಿ ಗುಲಾಬಿ ಸುಲಭವಾಗಿ ಹತ್ತುತ್ತದೆ. ದೊಡ್ಡ ಹೂವಿನ ಹೈಬ್ರಿಡ್ ತಳಿ ಹತ್ತಿಗಿಂತ ಸಾಯುವುದೇ ಹೆಚ್ಚು, ಹತ್ತಿದರೂ ಬೇರು ಬಡವು. ಅದಕ್ಕೆ ಕಸಿಯೇ ಸರಿ. ನನ್ನ ಎಂಟು ಕಾಡು ಗಿಡಗಳಿಗೂ ಕೊನೆಗೆ ಕೆಲಸ ಸಿಕ್ಕಿತು, ಅವುಗಳ ಮೇಲೆ ಕೆಂಪು ಹೂವಿನ ಕಣ್ಣು ಕೂಡಿಸಿದೆ. ಐದು ಹಿಡಿದವು.

ಗಾವಟಿ ಕಡ್ಡಿ ಕೊಟ್ಟ ಅಜ್ಜಿಯ ಗಿಡ ಹೋದ ವರ್ಷ ಗೆದ್ದಲಿಗೆ ಸತ್ತಿತು. ಅದರದ್ದೇ ಎರಡು ಸಸಿ ಒಯ್ದು ಕೊಟ್ಟೆ. "ಇದು ನನ್ನ ಗಿಡದ್ದೇ ಏನಪಾ?" ಎಂದು ಎಲೆ ಮೂಸಿ ನೋಡಿದರು.