ಊರ ಗೊರವಂಕ ಮತ್ತು ಕಾಡು ಗೊರವಂಕ

ನೇಗಿಲ ಹಿಂದೆ ಸಾಲಿನಲ್ಲಿ ನಡೆಯುವ ಕಂದುಬಣ್ಣದ ಹಕ್ಕಿಗಳನ್ನೆಲ್ಲ ರೈತರು ಗೊರವಂಕವೆಂಬ ಒಂದೇ ಹೆಸರಿನಿಂದ ಕರೆಯುವುದುಂಟು. ವಾಸ್ತವವಾಗಿ ಇವುಗಳಲ್ಲಿ ಎರಡು ಜಾತಿಗಳಿವೆ. ಎರಡೂ ಸುಮಾರು 9 ಅಂಗುಲ ಉದ್ದ. ಹಾರುವಾಗ ಎರಡರ ರೆಕ್ಕೆಯಲ್ಲಿಯೂ ಬಿಳಿಯ ಮಚ್ಚೆ ತೋರುವುದರಿಂದ ದೂರಕ್ಕೆ ಭೇದವು ತಿಳಿಯದು.

ಗುರುತಿಸಬೇಕಾದರೆ ಮುಖವನ್ನು ನೋಡತಕ್ಕದ್ದು. ಊರ ಗೊರವಂಕದ ಕಣ್ಣಿನ ಸುತ್ತ ಗರಿಯಿಲ್ಲದ ಹಳದಿ ಚರ್ಮವಿರುತ್ತದೆ. ಕಾಡು ಗೊರವಂಕಕ್ಕೆ ಇದಿಲ್ಲ; ಅದರ ಕೊಕ್ಕಿನ ಬುಡದಲ್ಲಿ ಕರಿಯ ಗರಿಗಳ ಸಣ್ಣ ಜುಟ್ಟು ನಿಂತಿರುತ್ತದೆ, ಮೈಬಣ್ಣವು ಹೆಚ್ಚು ಬೂದಿಯಾಗಿರುತ್ತದೆ. ನಮ್ಮ ದಕ್ಷಿಣ ಸೀಮೆಯಲ್ಲಿ ಅದರ ಕಣ್ಣು ತಿಳಿನೀಲಿ. ಮೊದಲನೆಯದು ಎಲ್ಲ ಊರುಗಳಲ್ಲಿಯೂ ಜನರ ನಡುವೆ ಬಾಳುವುದು. ಎರಡನೆಯದನ್ನು ಮಲೆನಾಡಿನ ಗದ್ದೆಯಂಚಿನಲ್ಲಿ, ಕಾಫಿ ತೋಟಗಳಲ್ಲಿ, ಮೇಯುವ ದನಗಳ ಬಳಿಯಲ್ಲಿ ಹೆಚ್ಚಾಗಿ ಕಾಣಬಹುದು.

ಶಾಸ್ತ್ರಜ್ಞರು ಇವೆರಡರ ಕುಲಕ್ಕೆ ಇಟ್ಟಿರುವ ಗ್ರೀಕ್ ಹೆಸರಿಗೆ ಮಿಡತೆಯ ಬೇಟೆಗಾರನೆಂದು ಅರ್ಥ. ಹೆಸರು ಅನ್ವರ್ಥವೇ ಸರಿ. ಮಿಡತೆ, ಹುಳು, ಗೊಬ್ಬರದ ಕೀಟಗಳು ಇವುಗಳ ಆಹಾರ. ಮರಿಗಳಿಗೂ ಹೆಚ್ಚಾಗಿ ಇವನ್ನೇ ಉಣಿಸುವುವು. ಕಾಡು ಗೊರವಂಕವು ದನಗಳ ಮೈಮೇಲಿನ ಉಣ್ಣೆಯನ್ನೂ ಹೆಕ್ಕುವುದು. ಹಾಲುವಾಣ ಮತ್ತು ಬೂರುಗದ ಹೂಗಳಲ್ಲಿ ಮಕರಂದ ಹೀರುವಾಗ ಅದರ ಜುಟ್ಟಿಗೆ ಪರಾಗವಂಟಿ ಮತ್ತೊಂದು ಹೂವಿಗೆ ಸಾಗುತ್ತದೆ. ಆದರೆ ಎರಡೂ ಮಾಗಿದ ಹಣ್ಣನ್ನು ತಿನ್ನುವುವು, ಲಂಟಾನದ ಬೀಜವನ್ನೂ ಹರಡುವುವು. ಈ ದೋಷವನ್ನು ಮರೆಮಾಚಲಾಗದು.

ಮಿಡತೆಯನ್ನು ಅಡಗಿಸಲು 1762ರಲ್ಲಿ ಊರ ಗೊರವಂಕವನ್ನು ಭಾರತದಿಂದ ಮಾರಿಷಸ್ ದ್ವೀಪಕ್ಕೆ ಒಯ್ದರು. ಅದೇ ಬಗೆಯ ಆಸೆಯಿಂದ 1862ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಬಿಡಲಾಯಿತು. ಅಲ್ಲಿ ಅದು ಮರದ ಪೊಟರೆಗಳಿಗಾಗಿ ಸ್ಥಳೀಯ ಹಕ್ಕಿಗಳೊಡನೆ ಕಾದಾಡಿ ದೊಡ್ಡ ಉಪದ್ರವವಾಗಿದೆ.

ಪೊಟರೆಯ ಈ ವಿಷಯವನ್ನು ನಮ್ಮ ಜಮೀನುದಾರರೂ ಯೋಚಿಸಬೇಕು. ಊರ ಗೊರವಂಕಕ್ಕೆ ಮಾಡಿನ ಸಂದು, ಗೋಡೆಯ ಬಿರುಕು ಸಾಕು. ಕಾಡು ಗೊರವಂಕವು ಗೋಡೆಯ ತೂತುಗಳನ್ನು ಬಳಸಿದರೂ, ಹೆಚ್ಚಾಗಿ ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟ ಪೊಟರೆಗಳನ್ನೇ ಆಶ್ರಯಿಸುತ್ತದೆ. ಬದುವಿನ ಮುದಿಮರವನ್ನು ಸೌದೆಗೆಂದು ಕಡಿದರೆ ಅಲ್ಲಿ ಗೂಡಿಗೆ ಎಡೆಯಿಲ್ಲ. ಬಿದ್ದು ಅಪಾಯವಾಗುವಂತಿಲ್ಲದ ಮರವನ್ನು ಉಳಿಸುವುದೇ ಲೇಸು. ಕಡಿಯಲೇಬೇಕಾದರೆ ಮರಿಗಳು ಹಾರಿಹೋದ ತರುವಾಯ, ಮಳೆಗಾಲ ಕಳೆದ ಮೇಲೆ ಕಡಿಯತಕ್ಕದ್ದು.

ಹಣ್ಣಿನ ತೋಟಕ್ಕೆ ಹಿಂಡು ಬಿದ್ದಾಗ ವಿಷದ ಕಾಳನ್ನು ಚೆಲ್ಲಕೂಡದು. ಅದನ್ನು ಕೋಳಿ, ಪಾರಿವಾಳಗಳೂ ತಿನ್ನುವುವು. ಮಾಗುವ ಕಾಲದಲ್ಲಿ ಸೀಬೆಯ ಗೊಂಚಲಿಗೆ ಬಟ್ಟೆಯ ಚೀಲವನ್ನೂ ದ್ರಾಕ್ಷಿಯ ಚಪ್ಪರಕ್ಕೆ ಬಲೆಯನ್ನೂ ಕಟ್ಟಿದರೆ ಬೆಳೆ ಉಳಿಯುತ್ತದೆ. ಕೊಯ್ಲು ಮುಗಿದೊಡನೆ ಬಲೆಯನ್ನು ಬಿಚ್ಚಿ ಒಳಗಿಡಿರಿ. ಜೋಲುಬಿಟ್ಟ ಬಲೆಯಲ್ಲಿ ಹಕ್ಕಿಗಳು ಸಿಕ್ಕಿ ಸಾಯುವುವು.