ವಿಜ್ಞಾನ ಬೋಧನೆಯಲ್ಲಿ ಪ್ರಯೋಗಶಾಲಾ ಸಹಾಯಕನ ಸ್ಥಾನ

ಶಬ್ದವೂ ಅರ್ಥವೂ ಒಂದನ್ನೊಂದು ಅಗಲದಂತೆ ಕಲಿಸುವುದೇ ಬೋಧಕನ ಮುಖ್ಯ ಧರ್ಮ. ಈ ಮಾತು ಸಾಹಿತ್ಯಕ್ಕೆ ಸಲ್ಲುವಷ್ಟೇ ವಿಜ್ಞಾನಕ್ಕೂ ಸಲ್ಲುತ್ತದೆ. ‘ಆಮ್ಲವು ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುತ್ತದೆ’ ಎಂಬ ವಾಕ್ಯವನ್ನು ವಿದ್ಯಾರ್ಥಿಯು ಒಂದಕ್ಷರವೂ ತಪ್ಪದಂತೆ ಬರೆಯಬಲ್ಲನು. ಆದರೆ ಬಣ್ಣ ತಿರುಗುವುದನ್ನು ಕಣ್ಣಾರೆ ಕಾಣದವನಿಗೆ ಅದು ಬರಿಯ ಕಂಠಪಾಠವೇ ಸರಿ. ಕನ್ನಡ ಪಂಡಿತನಾದ ನಾನು ಈ ವಿಷಯವನ್ನು ಕುರಿತು ಬರೆಯಲು ಇದೇ ಕಾರಣ.

ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರ ತನ್ನ ವರದಿಯಲ್ಲಿ, ಶಾಲಾ ಶಿಕ್ಷಣದ ಮೊದಲ ಹತ್ತು ವರ್ಷಗಳಲ್ಲಿ ವಿಜ್ಞಾನ ಮತ್ತು ಗಣಿತಗಳು ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. ದಾನಿಗಳ ಔದಾರ್ಯದಿಂದ ಅನೇಕ ಪ್ರೌಢಶಾಲೆಗಳಿಗೆ ಕೊಠಡಿ, ಬೀರು, ಉಪಕರಣಗಳು ಒದಗಿವೆ. ಆದರೆ ಅವನ್ನು ಹೊರತೆಗೆದು, ಜೋಡಿಸಿ, ತೊಳೆದು, ಮರಳಿ ಇಡುವವರು ಯಾರು?

ತರಗತಿಯಲ್ಲಿ 40 ಮಂದಿ ವಿದ್ಯಾರ್ಥಿಗಳಿದ್ದಾರೆನ್ನೋಣ. ಐವರಿಗೊಂದು ಗುಂಪಿನಂತೆ 8 ಗುಂಪುಗಳು. ಗುಂಪಿಗೆ ನಾಲ್ಕರಂತೆ 32 ಪ್ರನಾಳಗಳು. ಅವಧಿಯೋ 40 ನಿಮಿಷ. ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಬೋಧಿಸುವ ಅಧ್ಯಾಪಕರೇ ಗಣಿತವನ್ನೂ ಬೋಧಿಸಬೇಕಾಗುವುದರಿಂದ, ಗಂಟೆ ಬಾರಿಸಿದೊಡನೆ ಮತ್ತೊಂದು ತರಗತಿ ಅವರನ್ನು ಕರೆಯುತ್ತದೆ. ಹೀಗಾಗಿ ಪ್ರಯೋಗವು ಕಪ್ಪುಹಲಗೆಯ ಮೇಲಿನ ಚಿತ್ರವಾಗಿ ಮುಗಿಯುತ್ತದೆ. ಇದು ಅಧ್ಯಾಪಕರ ಆಲಸ್ಯವಲ್ಲ, ಕೈಗಳ ಕೊರತೆ.

ಇದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಅಡಗಿದೆ. ಗಂಧಕಾಮ್ಲವನ್ನು ದುರ್ಬಲಗೊಳಿಸುವಾಗ ನೀರಿಗೆ ಆಮ್ಲವನ್ನು ಮೆಲ್ಲಮೆಲ್ಲನೆ ಸೇರಿಸಬೇಕಲ್ಲದೆ ಆಮ್ಲಕ್ಕೆ ನೀರನ್ನು ಸುರಿಯಬಾರದು. ಸುರಿದರೆ ಶಾಖವೇರಿ ಆಮ್ಲ ಸಿಡಿಯುತ್ತದೆ. ಸೋಡಿಯಮ್ಮನ್ನು ಸೀಮೆಎಣ್ಣೆಯಲ್ಲಿ, ಹಳದಿ ರಂಜಕವನ್ನು ನೀರಿನಲ್ಲಿ ಮುಳುಗಿಸಿಡಬೇಕು. ಎಂಟು ಮೇಜುಗಳ ಮೇಲೆ ಒಬ್ಬರೇ ಕಣ್ಣಿಡುವುದು ಹೇಗೆ?

ಸಹಾಯಕನ ಕರ್ತವ್ಯಗಳು ಸ್ಪಷ್ಟವಾಗಿರಬೇಕು. ಹಿಂದಿನ ದಿನವೇ ದ್ರಾವಣಗಳನ್ನು ಸಿದ್ಧಪಡಿಸುವುದು, ಸೀಸೆಗಳಿಗೆ ಹೆಸರು ಮತ್ತು ದಿನಾಂಕದ ಚೀಟಿ ಅಂಟಿಸುವುದು, ಪ್ರಯೋಗದ ವೇಳೆ ಮೇಜುಗಳ ಬಳಿ ನಿಂತು ಎಚ್ಚರ ವಹಿಸುವುದು, ದಾಸ್ತಾನು ಪುಸ್ತಕ ಬರೆಯುವುದು, ಮರಳಿನ ಬಕೀಟನ್ನೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಸಿದ್ಧವಾಗಿಡುವುದು ಅವನ ಹೊಣೆ. ವಿವರಣೆಯೂ ಪ್ರಶ್ನೋತ್ತರವೂ ಅಧ್ಯಾಪಕರವೇ. ಗಂಟೆ ಬಾರಿಸಲು, ಕಛೇರಿಗೆ ಚಹಾ ತರಲು ಸಹಾಯಕನನ್ನು ಬಳಸಿಕೊಂಡರೆ ಹುದ್ದೆ ಉಳಿದರೂ ಉದ್ದೇಶ ಉಳಿಯದು. ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಮುಗಿಸಿದ ಯುವಕ ಯುವತಿಯರನ್ನು ಆರಿಸಿ, ಬೇಸಿಗೆಯ ರಜೆಯಲ್ಲಿ ಅಧ್ಯಾಪಕರೇ ತರಬೇತಿ ನೀಡಬಹುದು.

ಈ ಕೆಲಸವನ್ನು ಕೀಳೆಂದು ಎಣಿಸಲಾಗದು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು ಕಲಿತ ಮೈಕೇಲ್ ಫ್ಯಾರಡೆ 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನನ್ನು ಸೇರಿದ್ದು ಹಂಫ್ರಿ ಡೇವಿಯವರ ಪ್ರಯೋಗಶಾಲಾ ಸಹಾಯಕನಾಗಿಯೇ. 1831ರಲ್ಲಿ ಆತನು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಅದೇ ತತ್ತ್ವದಿಂದ.

ಕಟ್ಟಡಕ್ಕೆ ಕೊಟ್ಟ ದಾನ ಗೋಡೆಯ ಮೇಲೆ ಕಾಣುತ್ತದೆ. ಸಹಾಯಕನ ವೇತನಕ್ಕೆ ಕೊಟ್ಟ ದಾನ ಮಕ್ಕಳ ಕೈಗಳಲ್ಲಿ ಕಾಣುತ್ತದೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಒಂದು ಶಾಶ್ವತ ದತ್ತಿನಿಧಿಯನ್ನು ಸ್ಥಾಪಿಸಿ, ಅದರ ಬಡ್ಡಿಯನ್ನು ಈ ಹುದ್ದೆಗೆ ಮೀಸಲಿಡುವುದಾದರೆ, ಬೀರುವಿನಲ್ಲಿ ಧೂಳು ಹಿಡಿದಿರುವ ಉಪಕರಣಗಳು ಮಕ್ಕಳೊಡನೆ ಮಾತನಾಡತೊಡಗುವುವು. ಪಠ್ಯಪುಸ್ತಕದ ಶಬ್ದಕ್ಕೆ ಅರ್ಥ ಒದಗುವುದು ಆಗಲೇ.