ವಿದೇಶಿ ಖರೀದಿದಾರರ ಸುರಕ್ಷತಾ ಷರತ್ತುಗಳು: ಹೊಣೆ ಯಾರದು, ವೆಚ್ಚ ಯಾರದು?

ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ತಯಾರಿಕಾ ಸಮೂಹಕ್ಕೆ ಶಂಕುಸ್ಥಾಪನೆ ನೆರವೇರಿತು. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ಸಂಸ್ಥೆ ಸುಮಾರು 400 ಎಕರೆಯಲ್ಲಿ ಕೈಗೆತ್ತಿಕೊಂಡ ಯೋಜನೆಯಿದು. ಅಲ್ಲಿಯವರೆಗೆ ಕೊಪ್ಪಳ ಜಿಲ್ಲೆಯ ಉದ್ಯಮವೆಂದರೆ ಗಂಗಾವತಿಯ ಅಕ್ಕಿ ಗಿರಣಿಗಳು, ಗಿಣಿಗೇರಾ ಸುತ್ತಲಿನ ಕಬ್ಬಿಣ-ಉಕ್ಕಿನ ಕಾರ್ಖಾನೆಗಳು, ಇಳಕಲ್ಲಿಗೆ ಹೊಂದಿಕೊಂಡ ಕುಷ್ಟಗಿ ಸೀಮೆಯ ಗ್ರಾನೈಟ್ ಎಂದೇ ಹೆಸರಾಗಿತ್ತು. ಆಟಿಕೆ ಎಂದರೆ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳು. ಭಾನಾಪುರದಲ್ಲಿ ತಯಾರಾಗುವ ಆಟಿಕೆ ಹೊರದೇಶದ ಪ್ರಸಿದ್ಧ ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವಂಥದು. ಇಂಥ ವ್ಯವಹಾರ ಬಂದಾಗ ಅದರ ಹಿಂದೆಯೇ ಅಚ್ಚು, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಬಿಡಿಭಾಗ, ಸಾಗಣೆ ಮುಂತಾದ ಕೆಲಸಗಳು ಸುತ್ತಲಿನ ಸಣ್ಣ ಘಟಕಗಳಿಗೂ ಬರುತ್ತವೆ. ಖರೀದಿ ಆದೇಶದ ಜೊತೆಯಲ್ಲಿ ಮೂವತ್ತು ನಲವತ್ತು ಪುಟದ ಇನ್ನೊಂದು ಕಾಗದವೂ ಬರುತ್ತದೆ. ಅದರ ಹೆಸರು ಸರಬರಾಜುದಾರರ ನೀತಿಸಂಹಿತೆ. ಪರಿಸರ, ಆರೋಗ್ಯ ಮತ್ತು ಸುರಕ್ಷತೆ ಅದರ ಮುಖ್ಯ ಅಧ್ಯಾಯ. ನಮ್ಮ ಉದ್ದಿಮೆದಾರರಲ್ಲಿ ಹೆಚ್ಚಿನವರು ದರದ ಪುಟವನ್ನು ನಾಲ್ಕು ಸಲ ಓದಿ, ಈ ಕಾಗದಕ್ಕೆ ಓದದೆಯೇ ಸಹಿ ಹಾಕುತ್ತಾರೆ. ಈ ರೂಢಿ ಬದಲಾಗಬೇಕಾದ ಕಾರಣಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಹುರಾಷ್ಟ್ರೀಯ ಕಂಪನಿಯೊಂದು ಹೊರದೇಶದಲ್ಲಿ ಮೂರು ರೀತಿಯಲ್ಲಿ ಕೆಲಸ ಮಾಡಬಹುದು: ತನ್ನದೇ ಅಂಗಸಂಸ್ಥೆಯ ಮೂಲಕ, ಸ್ಥಳೀಯರೊಡನೆ ಜಂಟಿ ಉದ್ಯಮದ ಮೂಲಕ, ಅಥವಾ ಬರೀ ಗುತ್ತಿಗೆಯ ಮೂಲಕ. ಮೊದಲಿನ ಎರಡರಲ್ಲಿ ಕೇಂದ್ರ ಕಚೇರಿಯ ಸುರಕ್ಷತಾ ವಿಭಾಗವೇ ನಿಯಮ ರೂಪಿಸಿ, ತಪಾಸಣೆ ನಡೆಸಿ, ವರದಿ ತರಿಸಿಕೊಳ್ಳುತ್ತದೆ. ಪರಿಸರಕ್ಕೆ ಐಎಸ್ಒ 14001, ಕೆಲಸಗಾರರ ಆರೋಗ್ಯ-ಸುರಕ್ಷತೆಗೆ 2018ರಲ್ಲಿ ಬಂದ ಐಎಸ್ಒ 45001 ಎಂಬ ಮಾನದಂಡಗಳು ಇದಕ್ಕೆ ಚೌಕಟ್ಟು. ಮೂರನೆಯದರಲ್ಲಿ ಅದೇ ನಿಯಮಗಳು ಒಪ್ಪಂದದ ಷರತ್ತುಗಳಾಗಿ ಇಳಿದು ಬರುತ್ತವೆ. ಆದರೆ ನಿಯಮ ಬರೆದವರ ಹೊಣೆ ಅದರೊಡನೆ ಇಳಿದು ಬರುವುದಿಲ್ಲ.

ಇದಕ್ಕೆ ಭೋಪಾಲ್ ದುರಂತಕ್ಕಿಂತ ದೊಡ್ಡ ಪಾಠ ಬೇರೆಯಿಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ಮೀಥೈಲ್ ಐಸೋಸಯನೇಟ್ ಅನಿಲ ಸೋರಿದ ಕಾರ್ಖಾನೆಯಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಾರ್ಪೊರೇಷನ್ನಿನ ಪಾಲು ಶೇ. 50.9. ಮಾತೃಸಂಸ್ಥೆಯ ತಜ್ಞರು 1982ರಲ್ಲಿಯೇ ಅಲ್ಲಿಗೆ ಬಂದು ತಪಾಸಣೆ ನಡೆಸಿ ದೋಷಗಳ ಪಟ್ಟಿ ಕೊಟ್ಟಿದ್ದರು. ಆದರೂ ದುರಂತದ ರಾತ್ರಿ ಅನಿಲದ ತೊಟ್ಟಿಯನ್ನು ತಂಪಾಗಿಡುವ ಶೀತಲೀಕರಣ ಘಟಕ ನಿಂತಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಾದ ಗೋಪುರದ ಕೊಳವೆಯ ಸಂಪರ್ಕ ಕಳಚಿತ್ತು. ಲೆಕ್ಕಪರಿಶೋಧನೆ ಬಲ್ಲವರಿಗೆ ಇದು ಪರಿಚಿತ ಚಿತ್ರವೇ: ವರದಿ ಕಡತದಲ್ಲಿದೆ, ಅನುಪಾಲನೆ ಇಲ್ಲ. ಮುಂದೆ 1986ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ದಾವೆಗಳ ವಿಚಾರಣೆ ಭಾರತದಲ್ಲಿಯೇ ನಡೆಯಲಿ ಎಂದಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಅಮೆರಿಕದ ಮಾತೃಸಂಸ್ಥೆಯ ಅಧ್ಯಕ್ಷ ವಾರನ್ ಆಂಡರ್ಸನ್ ವಿಚಾರಣೆಗೆ ಹಾಜರಾಗದೆಯೇ 2014ರಲ್ಲಿ ತೀರಿಕೊಂಡರು. 2010ರ ಜೂನ್ 7ರಂದು ಭೋಪಾಲ್ ನ್ಯಾಯಾಲಯದಲ್ಲಿ ನಿಂತು ಎರಡು ವರ್ಷಗಳ ಶಿಕ್ಷೆ ಕೇಳಿಸಿಕೊಂಡವರೆಲ್ಲ ಭಾರತೀಯ ಅಧಿಕಾರಿಗಳೇ.

2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಲ್ಲಿ ಸ್ಟೈರೀನ್ ಆವಿ ಸೋರಿ 12 ಮಂದಿ ಸತ್ತಾಗ ಚಿತ್ರ ಸ್ವಲ್ಪ ಬದಲಾಗಿತ್ತು. ಮರುದಿನವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 50 ಕೋಟಿ ರೂಪಾಯಿ ಠೇವಣಿ ಇಡಲು ಆದೇಶಿಸಿತು. ಜುಲೈನಲ್ಲಿ ಕಂಪನಿಯ ಕೊರಿಯಾ ಮೂಲದ ಮುಖ್ಯಸ್ಥರೂ ಸೇರಿ ಹಲವರ ಬಂಧನವಾಯಿತು. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಸೋರಿಕೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ರೂಪಿಸಿದ ಸಂಪೂರ್ಣ ಹೊಣೆಗಾರಿಕೆಯ ತತ್ವವೇ ಇದರ ಹಿಂದಿನ ಬಲ. ಅಪಾಯಕಾರಿ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದೆನೆಂದರೂ ಪರಿಹಾರದಿಂದ ತಪ್ಪಿಸಿಕೊಳ್ಳಲಾರ ಎಂಬುದು ಆ ತತ್ವದ ತಿರುಳು. ಈ ಎರಡೂ ಪ್ರಕರಣಗಳಲ್ಲಿ ಕಾರ್ಖಾನೆಯಲ್ಲಿ ವಿದೇಶಿ ಬಂಡವಾಳವಿತ್ತು. ಬರೀ ಗುತ್ತಿಗೆಗೆ ಮಾಲು ಕೊಡುವ ಘಟಕದಲ್ಲಿ ಅವಘಡವಾದರೆ ಏನಾಗುತ್ತದೆ?

ಉತ್ತರ ಥಾಯ್ಲೆಂಡಿನಲ್ಲಿದೆ, ಅದೂ ಆಟಿಕೆ ಕಾರ್ಖಾನೆಯಲ್ಲಿ. 1993ರ ಮೇ 10ರಂದು ಬ್ಯಾಂಕಾಕ್ ಹೊರವಲಯದ ಕೇಡರ್ ಕಾರ್ಖಾನೆಗೆ ಬೆಂಕಿ ಬಿದ್ದು 188 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುತೇಕರು ಹಳ್ಳಿಗಳಿಂದ ದುಡಿಯಲು ಬಂದಿದ್ದ ಹೆಣ್ಣುಮಕ್ಕಳು. ಅಮೆರಿಕದ ಪ್ರಸಿದ್ಧ ಕಂಪನಿಗಳಿಗಾಗಿ ಬಟ್ಟೆ ಗೊಂಬೆ ಹಾಗೂ ಪ್ಲಾಸ್ಟಿಕ್ ಆಟಿಕೆಗಳು ಅಲ್ಲಿ ತಯಾರಾಗುತ್ತಿದ್ದವು. ಗೊಂಬೆಗೆ ತುಂಬುವ ನಾರು ಮತ್ತು ಬಟ್ಟೆ ನೆಲದ ಮೇಲೆ ರಾಶಿ ಬಿದ್ದಿದ್ದವು. ಬೆಂಕಿ ಹೊತ್ತಿದ ಕಟ್ಟಡದಲ್ಲಿ ಎಚ್ಚರಿಕೆ ಗಂಟೆ ಬಾರಿಸಲಿಲ್ಲ. ನೆಲಮಹಡಿಯ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಉಕ್ಕಿನ ಕಂಬಗಳಿಗೆ ಬೆಂಕಿ ತಡೆಯುವ ಹೊದಿಕೆ ಇರಲಿಲ್ಲವಾಗಿ ಕಟ್ಟಡವೇ ಕುಸಿಯಿತು. ಅದೇ ಆವರಣದಲ್ಲಿ ಮುಂಚೆಯೂ ಬೆಂಕಿ ಅವಘಡಗಳಾಗಿದ್ದವು. ಬಾಗಿಲಿಗೆ ಬೀಗ ಹಾಕುವುದು ಮಾಲಿನ ಕಳವು ತಡೆಯಲೆಂದು. ನಮ್ಮ ಗೋದಾಮುಗಳಲ್ಲೂ ಹಿಂಬಾಗಿಲಿಗೆ ಬೀಗ ಬೀಳುವುದು ಇದೇ ಕಾರಣಕ್ಕೆ ಎಂಬುದನ್ನು ನೆನಪಿಡಬೇಕು. ಈ ದುರಂತದ ನಂತರ, 1995ರಲ್ಲಿ, ಅಂತಾರಾಷ್ಟ್ರೀಯ ಆಟಿಕೆ ಉದ್ಯಮಗಳ ಮಂಡಳಿ ತನ್ನ ನೀತಿಸಂಹಿತೆಯನ್ನು ಅಂಗೀಕರಿಸಿತು.

ನೀತಿಸಂಹಿತೆ ಬಂದ ಮೇಲೆ ಪ್ರಮಾಣಪತ್ರಗಳ ವ್ಯಾಪಾರವೂ ಬೆಳೆಯಿತು. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಸಿದ್ಧ ಉಡುಪು ಕಾರ್ಖಾನೆ ಸುಟ್ಟು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್ಎ 8000 ಪ್ರಮಾಣಪತ್ರ ದೊರೆತಿತ್ತು. ಉತ್ಪನ್ನದ ಬಹುಭಾಗ ಕೊಳ್ಳುತ್ತಿದ್ದ ಜರ್ಮನಿಯ ಕಿಕ್ ಕಂಪನಿಯ ಮೇಲೆ ಸಂತ್ರಸ್ತರು ಹೂಡಿದ ದಾವೆಯನ್ನು ಡಾರ್ಟ್‌ಮಂಡ್ ನ್ಯಾಯಾಲಯ 2019ರ ಜನವರಿಯಲ್ಲಿ ಕಾಲಮಿತಿ ಮೀರಿತೆಂದು ತಳ್ಳಿಹಾಕಿತು. ಇಂಥ ಪ್ರಕರಣಗಳಿಂದೆದ್ದ ಒತ್ತಡದ ಫಲವಾಗಿ ಜರ್ಮನಿಯಲ್ಲಿ ಪೂರೈಕೆ ಸರಪಳಿ ಕಾನೂನು ರೂಪುಗೊಂಡು 2023ರ ಜನವರಿ 1ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳು ತಮ್ಮ ನೇರ ಸರಬರಾಜುದಾರರಲ್ಲಿನ ಅಪಾಯಗಳನ್ನೂ ಗುರುತಿಸಿ ತಡೆಯಬೇಕೆಂದು ಅದು ವಿಧಿಸಿತು. ನಮ್ಮಲ್ಲಿಯೂ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದ ನೋಂದಾಯಿತ ಕಂಪನಿಗಳು 2022-23ರಿಂದ ಪರಿಸರ ಹಾಗೂ ಸುರಕ್ಷತೆಯ ವಿವರಗಳನ್ನು ಸೆಬಿಗೆ ವರದಿ ಮಾಡಬೇಕಾಗಿದೆ. ಇನ್ನು ಮುಂದೆ ಪ್ರಶ್ನಾವಳಿಗಳು ಹೆಚ್ಚುವುದರಲ್ಲಿ ಸಂದೇಹವಿಲ್ಲ.

ಕಾನೂನಿನ ಕಣ್ಣಿನಲ್ಲಿ ಮಾಲೀಕ

ಕಾರ್ಖಾನೆಯ ಮೇಲೆ ಅಂತಿಮ ನಿಯಂತ್ರಣ ಉಳ್ಳವನನ್ನು ಕಾನೂನು ಅಧಿಭೋಗದಾರ, ರೂಢಿಯ ಮಾತಿನಲ್ಲಿ ಆಕ್ಯುಪೈಯರ್, ಎನ್ನುತ್ತದೆ. ಕಂಪನಿಯಾದರೆ ನಿರ್ದೇಶಕರಲ್ಲೊಬ್ಬರು, ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರಲ್ಲಿ ಯಾರಾದರೂ ಒಬ್ಬರು. ಮ್ಯಾನೇಜರನ್ನು ನೇಮಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲವೆಂದು ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಭಾಗದ ಎಷ್ಟೋ ಸಂಸ್ಥೆಗಳಲ್ಲಿ ತೆರಿಗೆಯ ಅನುಕೂಲಕ್ಕೋ ಬ್ಯಾಂಕಿನ ಸಾಲಕ್ಕೋ ಹೆಂಡತಿ, ತಾಯಿ, ವಯಸ್ಸಾದ ತಂದೆ ಹೆಸರಿಗೆ ಪಾಲುದಾರರಾಗಿರುವುದುಂಟು. ಗಿರಣಿಯ ಮೆಟ್ಟಿಲನ್ನೇ ಹತ್ತದ ಈ ಹಿರಿಯರು ಅಪಘಾತವಾದ ದಿನ ಅಧಿಭೋಗದಾರರೆಂದು ನೋಟಿಸು ಪಡೆಯಬಹುದು. ಪಾಲುದಾರಿಕೆ ಪತ್ರ ಬರೆಯಿಸುವಾಗ ಲಾಭದ ಶೇಕಡಾವಾರು ಹಂಚಿಕೆಯಷ್ಟೇ ಈ ವಿಷಯಕ್ಕೂ ಗಮನ ಕೊಡುವುದು ಲೇಸು.

1948ರ ಕಾರ್ಖಾನೆಗಳ ಅಧಿನಿಯಮದ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೇ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಮೃತನ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಹಮಾಲರು ಗುತ್ತಿಗೆದಾರನ ಕಡೆಯವರೆಂಬ ವಾದವೂ ಹೆಚ್ಚು ದೂರ ಸಾಗುವುದಿಲ್ಲ. ಪರಿಹಾರವನ್ನು ಮೂಲ ಉದ್ಯೋಗದಾತನಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅವನು ಆಮೇಲೆ ಗುತ್ತಿಗೆದಾರನ ಬೆನ್ನು ಹತ್ತಬೇಕು. ಕುಷ್ಟಗಿ ಕಡೆಯ ಕಲ್ಲು ಕೊರೆಯುವ, ಪಾಲಿಶ್ ಮಾಡುವ ಘಟಕಗಳವರು ಇನ್ನೊಂದು ಮಾತು ತಿಳಿದಿರಬೇಕು: ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆ. ಅದು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಕೆಲಸಗಾರನ ಹಾಜರಿ ಪುಸ್ತಕ, ಎದೆಯ ಎಕ್ಸ್‌ರೇ ವರದಿಗಳನ್ನು ಜೋಪಾನ ಮಾಡದ ಮಾಲೀಕನಿಗೆ ಆಗ ಹೇಳಿಕೊಳ್ಳಲು ಏನೂ ಇರುವುದಿಲ್ಲ. ನೀರು ಎರಚಿ ಕೊರೆಯುವುದರಿಂದ ಧೂಳು ಬಹುಮಟ್ಟಿಗೆ ಅಡಗುತ್ತದೆ.

ದರದಲ್ಲಿ ಸೇರದ ವೆಚ್ಚ

ಸುರಕ್ಷತೆಗೆ ಮಾಡುವ ಖರ್ಚು ದಂಡವೆಂದೇ ಅನೇಕರ ಭಾವನೆ. ಅದನ್ನು ಉತ್ಪಾದನಾ ವೆಚ್ಚದಲ್ಲಿ ಹಿಡಿಯದಿರುವುದೇ ಇದಕ್ಕೆ ಕಾರಣ. ಒಂದು ಉದಾಹರಣೆಯ ಲೆಕ್ಕ ಹಾಕಬಹುದು. ನಲವತ್ತು ಜನ ದುಡಿಯುವ ಘಟಕವೊಂದು ವರ್ಷಕ್ಕೆ 24 ಲಕ್ಷ ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಲಾ 6 ರೂಪಾಯಿಗೆ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಎರಡನೆಯ ಮೆಟ್ಟಿಲು, ಹೊರಗೆ ತೆರೆಯುವ ಬಾಗಿಲು, ಯಂತ್ರಗಳ ಕಾವಲು ಜಾಲರಿ, ಹೊಗೆ ಹೀರುವ ಕೊಳವೆ ಎಲ್ಲ ಸೇರಿ 12 ಲಕ್ಷ ರೂಪಾಯಿ. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದೂವರೆ ಲಕ್ಷ. ವೈದ್ಯಕೀಯ ತಪಾಸಣೆ, ತರಬೇತಿ, ಅಗ್ನಿಶಾಮಕ ಸಾಧನಗಳ ಮರುಭರ್ತಿ, ಕೈಗವಸು, ತಪಾಸಣಾ ಶುಲ್ಕ ಇವಕ್ಕೆ ವರ್ಷಕ್ಕೆ 2 ಲಕ್ಷ 10 ಸಾವಿರ. ಒಟ್ಟು 3 ಲಕ್ಷ 60 ಸಾವಿರವನ್ನು 24 ಲಕ್ಷದಿಂದ ಭಾಗಿಸಿದರೆ ತಲಾ 15 ಪೈಸೆ. ಸಾಲದ ಬಡ್ಡಿ ಹಿಡಿದರೆ ಇನ್ನೂ ಎರಡು ಮೂರು ಪೈಸೆ. ಮಾರಾಟ ಬೆಲೆಯ ಶೇಕಡಾ ಎರಡೂವರೆ ಎಂದರೆ ಅಲ್ಪವೇ. ಆದರೆ ನಿವ್ವಳ ಲಾಭ ಶೇಕಡಾ ಐದು, ಅಂದರೆ 30 ಪೈಸೆ ಮಾತ್ರ ಇದ್ದಾಗ ಅರ್ಧ ಲಾಭ ಹೋಯಿತು. ಬಾಗಿಲು ಕೂಡಿಸುವುದನ್ನು ಮುಂದೂಡುವ ಮನಸ್ಸು ಹುಟ್ಟುವುದು ಇಲ್ಲಿಯೇ.

ಆದ್ದರಿಂದ ದರಪಟ್ಟಿ ಕೊಡುವಾಗಲೇ ಈ 15 ಪೈಸೆಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು. ಕಚ್ಚಾ ಮಾಲಿನ ಪೈಸೆ ಪೈಸೆಗೂ ಚೌಕಾಸಿ ಮಾಡುವ ಖರೀದಿ ಅಧಿಕಾರಿ ತನ್ನದೇ ಕಂಪನಿಯ ನೀತಿಸಂಹಿತೆಯ ವೆಚ್ಚವನ್ನು ಬರವಣಿಗೆಯಲ್ಲಿ ನಿರಾಕರಿಸಲು ಹಿಂಜರಿಯುತ್ತಾನೆ. ನಿರಾಕರಿಸಿದರೂ ಆ ಪತ್ರ ಕಡತದಲ್ಲಿರುವುದು ಒಳ್ಳೆಯದು. ಸುರಕ್ಷತೆಗಾಗಿ ಮಾಡಿದ ಖರ್ಚಿಗೆ ಆದಾಯ ತೆರಿಗೆಯಲ್ಲಿ ಕಡಿತ ಅಥವಾ ಸವಕಳಿ ಸಿಗುತ್ತದೆ. ಕಾನೂನು ಮುರಿದು ತೆತ್ತ ದಂಡಕ್ಕೆ ಸಿಗುವುದಿಲ್ಲ.

ಒಪ್ಪಂದದಲ್ಲಿ ಮೂರು ಷರತ್ತುಗಳನ್ನು ವಿಶೇಷವಾಗಿ ನೋಡಬೇಕು. ಮೊದಲನೆಯದು ನಷ್ಟಭರ್ತಿಯ ಷರತ್ತು. ಖರೀದಿದಾರನಿಗೆ ಆಗುವ ಯಾವುದೇ ನಷ್ಟವನ್ನು ತುಂಬಿಕೊಡುವೆನೆಂದು ಮಿತಿಯಿಲ್ಲದೆ ಬರೆದುಕೊಟ್ಟರೆ ಐದಾರು ಲಕ್ಷದ ಆದೇಶಕ್ಕೆ ಮನೆ ಹೊಲ ಎಲ್ಲವನ್ನೂ ಒತ್ತೆಯಿಟ್ಟಂತೆ; ಆದೇಶದ ಮೌಲ್ಯಕ್ಕೆ ಅದನ್ನು ಸೀಮಿತಗೊಳಿಸಲು ಕೇಳಬೇಕು. ಎರಡನೆಯದು ಉಪಗುತ್ತಿಗೆಯ ನಿಷೇಧ. ಹಬ್ಬದ ಮುಂಚೆ ಕೆಲಸ ಹೆಚ್ಚಾದಾಗ ಪಕ್ಕದ ಶೆಡ್ಡಿಗೆ ಮಾಲು ಕೊಟ್ಟು ಮಾಡಿಸುವ ಪದ್ಧತಿ ಈ ಷರತ್ತಿನ ನೇರ ಉಲ್ಲಂಘನೆ. 2007ರಲ್ಲಿ ಮಟೆಲ್ ಕಂಪನಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಸೀಸವಿದ್ದ ಬಣ್ಣದ ಕಾರಣ ಹಿಂದಕ್ಕೆ ಪಡೆಯಿತು. ಆ ಪೈಕಿ ಆಟಿಕೆ ಕಾರೊಂದರ ಬಣ್ಣ ಉಪಗುತ್ತಿಗೆದಾರನ ಕಡೆಯಿಂದ ಬಂದದ್ದು. ಅದೇ ವರ್ಷ ಹಿಂಪಡೆದ ಅಯಸ್ಕಾಂತದ ಆಟಿಕೆಗಳಲ್ಲಿ ದೋಷ ತನ್ನ ವಿನ್ಯಾಸದ್ದೆಂದು ಆಮೇಲೆ ಆ ಕಂಪನಿಯೇ ಚೀನಾದ ಕ್ಷಮೆ ಕೇಳಬೇಕಾಯಿತು. ವಿನ್ಯಾಸದ ದೋಷಕ್ಕೆ ತಯಾರಕ ಹೊಣೆಯಲ್ಲ ಎಂಬ ಒಂದು ಸಾಲು ಒಪ್ಪಂದದಲ್ಲಿರಬೇಕೆನ್ನುವುದು ಇದಕ್ಕಾಗಿ. ಮೂರನೆಯದು ಹಣ ಪಾವತಿಯ ಅವಧಿ. ಖರೀದಿದಾರ ಭಾರತದಲ್ಲಿಯೇ ನೋಂದಾಯಿತನಾಗಿದ್ದು, ಘಟಕ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ಉದ್ಯಮ್ ನೋಂದಣಿ ಹೊಂದಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಸುರಕ್ಷತೆಗೆ ಹಾಕಿದ ಬಂಡವಾಳ ಹೊರೆಯಾಗದಂತೆ ನೋಡಿಕೊಳ್ಳಲು ಈ ರಕ್ಷಣೆ ಬಹಳ ಉಪಯುಕ್ತ. ಪರದೇಶದ ಖರೀದಿದಾರನ ಮೇಲೆ ಮಾತ್ರ ಇದು ನಡೆಯದು.

ಪರಿಸರದ ವಿಷಯದಲ್ಲಿ ಹೊರಗಿನ ಖರೀದಿದಾರನಿಗಿಂತ ಊರಿನ ಜನರೇ ಈಗ ಕಟ್ಟುನಿಟ್ಟು. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳೇ ಮುಂದೆ ನಿಂತರು. ಆ ವಿವಾದದ ಸರಿ ತಪ್ಪು ಏನೇ ಇರಲಿ, ಹೊಗೆ ಮತ್ತು ಬೂದಿಯ ಪ್ರಶ್ನೆ ಇನ್ನು ದೊಡ್ಡ ಕಾರ್ಖಾನೆಗಳಿಗಷ್ಟೇ ಸೀಮಿತವಾಗಿ ಉಳಿಯಲಾರದು. ಕುಸುಬಲಕ್ಕಿ ಗಿರಣಿಯ ನೆನೆಸಿದ ನೀರು, ಬಾಯ್ಲರಿನ ಉಮಿಯ ಬೂದಿ ಇವೆರಡೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರದ ಷರತ್ತಿಗೆ ಒಳಪಟ್ಟವು. ಆ ಸಮ್ಮತಿಪತ್ರದ ಅವಧಿ ಮುಗಿದಿದೆಯೇ ಎಂದು ಖರೀದಿದಾರನ ತಪಾಸಕರು ಕೇಳುವ ಮೊದಲೇ ನೋಡಿಕೊಳ್ಳತಕ್ಕದ್ದು.

ಹೊಸ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಇಪ್ಪತ್ತು ಕೆಲಸಗಾರರಿರಬೇಕು. ಹಿಂದೆ ಹತ್ತು ಇತ್ತು. ಹೀಗಾಗಿ ಹನ್ನೆರಡು ಹದಿನೈದು ಜನರ ಘಟಕಗಳಿಗೆ ಕಾರ್ಖಾನೆಯ ನಿಯಮಗಳಿಂದ ವಿನಾಯಿತಿ ದೊರೆತಂತಾಗಿದೆ ಎಂದು ಸಮಾಧಾನಪಡುವವರಿದ್ದಾರೆ. ಆದರೆ ಖರೀದಿದಾರನ ನೀತಿಸಂಹಿತೆಯಲ್ಲಿ ಸಾಮಾನ್ಯವಾಗಿ ಇಂಥ ಸಂಖ್ಯೆಯ ಮಿತಿ ಇರುವುದಿಲ್ಲ. ಐದು ಜನ ಕೂತು ಪೆಟ್ಟಿಗೆ ಅಂಟಿಸುವ ಕೋಣೆಗೂ ಅದು ಅನ್ವಯ. ಕೋಣೆಗೆ ಇನ್ನೊಂದು ಬಾಗಿಲಿದೆಯೇ, ಅದು ಹೊರಗೆ ತೆರೆಯುತ್ತದೆಯೇ, ಬೀಗದ ಕೀಲಿ ಎಲ್ಲಿದೆ ಎಂದು ತಪಾಸಕರು ಮೊದಲು ವಿಚಾರಿಸುತ್ತಾರೆ.